ಎಡ ತಿರುವಿನ ಪ್ಯಾರಾ

ರಸ್ತೆ ಅಪಘಾತ ವಿಚಾರಣೆಯ ಕಚೇರಿಯಲ್ಲಿ, ಮೊದಲ ಮಹಡಿಯ ಕಿಟಕಿ ಪಕ್ಕದ ಮೇಜಿಗೆ ಕೂತು ಹೇಳಿಕೆ ಬರೆದುಕೊಳ್ಳುವ ಹೆಂಗಸನ್ನು ಎಲ್ಲರೂ ಹೇಳಿಕೆಯಮ್ಮ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿದ ಹೊಸಬರು ಈಕೆ ಭವಿಷ್ಯ ಹೇಳುವವಳೇನೋ ಎಂದುಕೊಂಡು ಅಂಗೈ ಚಾಚಿದ್ದೂ ಉಂಟು. ಅವಳು ಮುಂದಾಗುವುದನ್ನು ಹೇಳುವವಳಲ್ಲ, ಆಗಿಹೋದದ್ದನ್ನು ಬರೆದುಕೊಳ್ಳುವವಳು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ, ಅದೇ ಕಿಟಕಿ. ಕುರ್ಚಿ ಮಾತ್ರ ಮೂರನೆಯದು.

ಕೆಲಸದ ನಿಯಮ ಸರಳವಾಗಿತ್ತು. ಗಾಡಿ ಓಡಿಸಿದವನು ಬಂದು ಎದುರು ಕೂರಬೇಕು. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಓದಿ ಹೇಳಬೇಕು, ಒಪ್ಪಿದರೆ ಸಹಿ ಹಾಕಿಸಬೇಕು. ಆದರೆ ನಿಯಮ ಮಾಡಿದವರು ಈ ಮೇಜಿಗೆ ಒಂದು ದಿನವೂ ಕೂತವರಲ್ಲ. ಗಾಡಿ ಹಾಯಿಸಿ ಒಂದು ಜೀವ ತೆಗೆದು ಬಂದವನು ಹೇಳಿದ ಹಾಗೇ ಬರೆದರೆ ಅದಕ್ಕೆ ತಲೆಬುಡ ಇರುವುದಿಲ್ಲ. ಅವನು ನಡುವಿನಿಂದ ಶುರು ಮಾಡುತ್ತಾನೆ. ಬೆಳಿಗ್ಗೆ ಟೀ ಕುಡಿದದ್ದು ಹೇಳುತ್ತಾನೆ, ಹೆಂಡತಿಯ ಸೊಂಟನೋವು ಹೇಳುತ್ತಾನೆ, ಅಳುತ್ತಾನೆ, ಕೊನೆಗೆ ಹೇಳಬೇಕಾದ್ದೊಂದನ್ನು ಬಿಟ್ಟು ಎದ್ದು ನಿಲ್ಲುತ್ತಾನೆ. ಅದಕ್ಕೇ ಅವಳಿಗಿಂತ ಮುಂಚೆ ಇದ್ದ ಗುಮಾಸ್ತರು ಒಂದೊಂದು ಬಗೆಯ ಅಪಘಾತಕ್ಕೆ ಒಂದೊಂದು ಪ್ಯಾರಾ ಸಿದ್ಧ ಮಾಡಿ ಇಟ್ಟಿದ್ದರು. ತಾರೀಕು, ಗಾಡಿಯ ನಂಬರು, ರಸ್ತೆಯ ಹೆಸರು ತುಂಬಿದರೆ ಮುಗಿಯಿತು. ನಿವೃತ್ತರಾಗುವ ದಿನ ಆ ಹಾಳೆಗಳ ಕಟ್ಟನ್ನು ಅವಳ ಕೈಗೆ ಕೊಟ್ಟು, "ಇದಿದ್ರೆ ನಿನಗೆ ತಲೆನೋವು ಬರಲ್ಲ ನೋಡಮ್ಮ," ಎಂದಿದ್ದರು. ಬರಲೂ ಇಲ್ಲ. ಕಂಪ್ಯೂಟರು ಬಂದ ಮೇಲಂತೂ ಇನ್ನೂ ಸಲೀಸಾಯಿತು. "ಎತಿ" ಎಂದು ಎರಡಕ್ಷರ ಒತ್ತಿದರೆ ಎಡ ತಿರುವಿನ ಪ್ಯಾರಾ ತಾನಾಗಿಯೇ ಇಳಿಯುತ್ತಿತ್ತು.

"ನಾನು ಸದರಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ, ಎಡಗಡೆಯ ದೀಪ ಹಾಕಿ, ಎಡಗಡೆಯ ಕನ್ನಡಿ ನೋಡಿ, ಎಡಕ್ಕೆ ತಿರುಗಿಸಿದೆನು. ಮೋಟಾರ್ ಸೈಕಲ್ ಸವಾರನು ನನಗೆ ಕಾಣಲಿಲ್ಲ."

ಅವಳ ಮೇಜಿಗೆ ಬರುತ್ತಿದ್ದದ್ದರಲ್ಲಿ ಎಡ ತಿರುವೇ ಹೆಚ್ಚು. ಲಾರಿಯೋ ಬಸ್ಸೋ ವ್ಯಾನೋ ಅಡ್ಡರಸ್ತೆಗೆ ಎಡಕ್ಕೆ ಹೊರಳುತ್ತದೆ. ಅದರ ಎಡ ಮಗ್ಗುಲಲ್ಲಿ, ನೆಟ್ಟಗೆ ಹೋಗಬೇಕಾದ ಮೋಟಾರ್ ಸೈಕಲ್ ಇರುತ್ತದೆ. ಆಮೇಲೆ ಇರುವುದಿಲ್ಲ.

ವರ್ಷದ ಕೊನೆಗೆ ಈ ಹೇಳಿಕೆಗಳನ್ನೆಲ್ಲ ಕೂಡಿಸಿ ಒಂದು ವರದಿ ಮಾಡುತ್ತಿದ್ದರು. ನೂರಕ್ಕೆ ತೊಂಬತ್ತು ಹೇಳಿಕೆಯಲ್ಲಿ ಸವಾರ ಕಾಣಲಿಲ್ಲ ಎಂದೇ ಇದ್ದರೆ ಮೇಲಿನವರಾದರೂ ಏನು ಮಾಡಿಯಾರು? ಸವಾರರು ಕಾಣುವುದಿಲ್ಲ ಎಂದು ತೀರ್ಮಾನಿಸಿದರು. ಕಾಣುವಂತೆ ಮಾಡಬೇಕು ಎಂದು ಎರಡು ಸಾವಿರ ಹಳದಿ ಜಾಕೀಟು ಹೊಲಿಸಿ ಹಂಚಿದರು. "ಸವಾರರೇ, ಕಾಣಿಸಿಕೊಳ್ಳಿ" ಎಂದು ಗೋಡೆ ಗೋಡೆಗೆ ಪೋಸ್ಟರು ಅಂಟಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವುದು ಇದನ್ನೇ. ಗಾಡಿ ಓಡಿಸುವವರಿಗೂ ಎರಡು ಮಾತು ಹೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಅವರೆಲ್ಲ ಕನ್ನಡಿ ನೋಡಿಯೇ ತಿರುಗಿಸಿದ್ದರು. ಪ್ಯಾರಾದಲ್ಲಿ ಹಾಗೇ ಇತ್ತು.

ಹೇಳಿಕೆಯಮ್ಮನ ಮಗಳೂ ಮೋಟಾರ್ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು. ದಿನವೂ ಬಾಗಿಲಲ್ಲಿ ತಾಯಿಯ ಪಾಠ ಇದ್ದದ್ದೇ. "ಹಗಲಾದ್ರೂ ಲೈಟ್ ಹಾಕ್ಕೋ. ದೊಡ್ಡ ಗಾಡಿ ಎಡಕ್ಕೆ ತೂರ್ಬೇಡ. ಅವನ ಕನ್ನಡೀಲಿ ಅವನ ಮುಖ ನಿಂಗೆ ಕಾಣ್ತಿಲ್ಲ ಅಂದ್ರೆ ನೀನೂ ಅವನಿಗೆ ಕಾಣಲ್ಲ ಅಂತ ತಿಳ್ಕೋ. ಮೂಲೆ ಹತ್ರ ಬಂತು ಅಂದ್ರೆ ಹಿಂದೆ ಉಳ್ಕೋ, ಅವನು ಮೊದ್ಲು ಹೋಗ್ಲಿ."

"ಆಯ್ತಮ್ಮ, ಇವತ್ತಿನ ಪಾಠ ಮುಗೀತಾ? ಹಾಜರಿ ಹಾಕ್ಕೋ," ಎಂದು ಮಗಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಹೊರಡುತ್ತಿದ್ದಳು. ಅವಳ ಗಾಡಿಯ ಸದ್ದು ಓಣಿಯ ತುದಿ ದಾಟುವ ತನಕ ಹೇಳಿಕೆಯಮ್ಮ ಬಾಗಿಲು ಹಾಕುತ್ತಿರಲಿಲ್ಲ.

ಬೇಕರಿ ವ್ಯಾನಿನ ಕೇಸಿಗೆ ಅವತ್ತಿಗೆ ಒಂಬತ್ತು ದಿನವಾಗಿತ್ತು. ಸತ್ತವನಿಗೆ ಇಪ್ಪತ್ತನಾಲ್ಕು ವರ್ಷ, ಲಿಫ್ಟ್ ರಿಪೇರಿ ಮಾಡುವವನು. ಬೆಳಿಗ್ಗೆ ಆರು ಗಂಟೆಗೆ, ಇನ್ನೂ ಮಬ್ಬುಗತ್ತಲು ಇರುವಾಗ, ಪಾಳಿಗೆ ಹೊರಟಿದ್ದ. ಬ್ರೆಡ್ಡು ತುಂಬಿದ ವ್ಯಾನು ಎಡಕ್ಕೆ ಹೊರಳಿದಾಗ ಅದರ ಹಿಂದಿನ ಚಕ್ರಕ್ಕೆ ಸಿಕ್ಕಿದ. ವ್ಯಾನನ್ನು ಎಳೆದು ತಂದು ಕಚೇರಿಯ ಅಂಗಳದಲ್ಲಿ, ಹೇಳಿಕೆಯಮ್ಮನ ಕಿಟಕಿಯ ನೇರ ಕೆಳಗೆ ನಿಲ್ಲಿಸಿದ್ದರು. ಬರುವಾಗ ಹೋಗುವಾಗ ಅವಳು ಅದರ ಪಕ್ಕದಲ್ಲೇ ಓಡಾಡಬೇಕಾಗಿತ್ತು. ಅದರ ಒಳಗಿನಿಂದ ಹಳಸಿದ ಬ್ರೆಡ್ಡಿನ ವಾಸನೆ ಬರುತ್ತಿತ್ತು.

ಅವತ್ತು ಅವಳು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಬಾಗಿಲ ಪಕ್ಕದ ಬೆಂಚಿನಲ್ಲಿ ಒಬ್ಬ ಕೂತಿದ್ದ. ಐವತ್ತೈದರ ಆಸುಪಾಸು. ಎಷ್ಟು ತೊಳೆದರೂ ಬಿಡದ ಕರಿ ಗ್ರೀಸು ಉಗುರಿನ ಸಂದಿಯಲ್ಲಿತ್ತು. ಅವಳನ್ನು ಕಂಡು ಎದ್ದು ನಿಂತ.

"ಅಮ್ಮಾ, ಬೇಕರಿ ವ್ಯಾನಿನ ಕೇಸು. ನಾನು ಹುಡುಗನ ತಂದೆ."

"ಹೇಳಿಕೆಯ ಪ್ರತಿ ಬೇಕಾದ್ರೆ ಅರ್ಜಿ ಕೊಡಿ, ಹದಿನೈದು ದಿನ ಆಗುತ್ತೆ."

"ಪ್ರತಿ ಏನೂ ಬೇಡಮ್ಮ. ಆ ವ್ಯಾನಿನವನು ಏನು ಹೇಳ್ತಾನೆ ಅಂತ ಗೊತ್ತಾದ್ರೆ ಸಾಕು."

"ಅವನು ಬರೋದೇ ಹನ್ನೊಂದಕ್ಕೆ. ಏನು ಹೇಳ್ತಾನೆ, ಎಲ್ರೂ ಹೇಳೋದನ್ನೇ ಹೇಳ್ತಾನೆ. ಕಾಣಲಿಲ್ಲ ಅಂತ."

ಸಮಾಧಾನದ ಮಾತು ಎಂದುಕೊಂಡೇ ಅವಳು ಹಾಗೆ ಹೇಳಿದ್ದು. ಬೇಕೆಂದು ಯಾರೂ ಮಾಡಿದ್ದಲ್ಲ ಎಂಬ ಅರ್ಥ ಅದರಲ್ಲಿದೆ ಎಂದು ಅವಳು ನಂಬಿದ್ದಳು, ಎಷ್ಟೋ ಜನಕ್ಕೆ ಹೇಳಿಯೂ ಇದ್ದಳು. ಆದರೆ ಈ ಮನುಷ್ಯ ಹಿಂದಕ್ಕೆ ಕೈ ಊರಿ ಬೆಂಚನ್ನು ಹುಡುಕಿಕೊಂಡು ಕೂತ. ಕೂತು ಅಂಗಿಯ ಜೇಬಿನಿಂದ ಒಂದು ಪುಟ್ಟ ರಟ್ಟಿನ ಡಬ್ಬಿ ತೆಗೆದ. ಹೆಡ್‌ಲೈಟಿನ ಬಲ್ಬು. ಡಬ್ಬಿಯ ಬಾಯಿ ಇನ್ನೂ ಒಡೆದಿರಲಿಲ್ಲ.

"ಕಾಣೋದು ಹೇಗಮ್ಮ," ಎಂದ. "ದೀಪ ಉರೀತಿದ್ರೆ ತಾನೆ."

ಅವನು ಮೋಟಾರ್ ಸೈಕಲ್ ಮೆಕ್ಯಾನಿಕ್ಕು. ಮೂವತ್ತು ವರ್ಷದ ಅಂಗಡಿ. ಹಿಂದಿನ ಸಂಜೆ ಮಗ ಬಂದು, "ಅಪ್ಪಾ, ಲೈಟ್ ಹೋಗಿದೆ," ಎಂದಿದ್ದ. ಗಿರಾಕಿಗಳ ಮೂರು ಗಾಡಿ ಬಿಚ್ಚಿ ಹಾಕಿಕೊಂಡು ಕೂತಿದ್ದ ಅಪ್ಪ, "ನಾಳೆ ಹಾಕ್ತೀನಿ ಬಿಡೋ," ಎಂದಿದ್ದ. ಹತ್ತು ನಿಮಿಷದ ಕೆಲಸ. ಬಲ್ಬೂ ಅಂಗಡಿಯಲ್ಲೇ ಇತ್ತು, ತೆಗೆದು ಜೇಬಿಗೂ ಹಾಕಿಕೊಂಡಿದ್ದ. ದೀಪದ ಬುಡದಲ್ಲೇ ಕತ್ತಲೆ ಎನ್ನುವ ಗಾದೆಯನ್ನು ಊರಿನವರೆಲ್ಲ ತಮಾಷೆಗೆ ಹೇಳುತ್ತಾರೆ. ಅವನಿಗೆ ಒಂಬತ್ತು ದಿನದಿಂದ ಅದು ತಮಾಷೆಯಾಗಿ ಉಳಿದಿರಲಿಲ್ಲ.

"ಮಬ್ಬು ಹೊತ್ತು. ಕನ್ನಡೀಲಿ ಬೆಳಕು ಬಿದ್ದಿದ್ರೆ ಅವನು ನಿಲ್ಲಿಸ್ತಿದ್ದ. ಬೀಳ್ಲಿಲ್ಲ, ಅದಕ್ಕೆ ಕಾಣಲಿಲ್ಲ. ಹಾಗಾದ್ರೆ ನನ್ನ ಮಗನ್ನ ಸಾಯಿಸಿದ್ದು ನಾನೇ ಅಲ್ವೇನಮ್ಮ? ಅವಳಿಗೆ, ಅವನ ತಾಯಿಗೆ, ಇನ್ನೂ ಹೇಳಿಲ್ಲ. ಅವನು ಏನು ಹೇಳ್ತಾನೋ ಕೇಳ್ಕೊಂಡು ಹೋಗಿ ಹೇಳೋಣ ಅಂತ ಬಂದೆ."

ಇದಕ್ಕೆ ಅವಳ ಹತ್ತಿರ ಪ್ಯಾರಾ ಇರಲಿಲ್ಲ. "ಕೂತಿರಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಇಪ್ಪತ್ತಾರು ವರ್ಷದಲ್ಲಿ ಈ ಒಂದು ಮಾತನ್ನು ಎಷ್ಟು ಬೆಂಚಿನ ಮೇಲೆ ಎಷ್ಟು ಜನ ಕೇಳಿಸಿಕೊಂಡು ಹೋಗಿರಬಹುದು, ಹೋಗಿ ಮನೆಯಲ್ಲಿ ಏನು ಹೇಳಿರಬಹುದು ಎಂದು ಅವಳು ಯೋಚಿಸಿಯೇ ಇರಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ವ್ಯಾನಿನವನು ಬಂದ. ನಲವತ್ತು ದಾಟಿದ, ಗಡ್ಡ ಬಿಟ್ಟ, ತೆಳ್ಳಗಿನ ಆಳು. ಜೊತೆಯಲ್ಲಿ ಅವನ ಭಾವ, ಎಂದರೆ ಅಕ್ಕನ ಗಂಡ. ಬೇಕರಿಯೂ ವ್ಯಾನೂ ಭಾವನವೇ. ಬಾಗಿಲು ದಾಟುವ ಮುಂಚೆಯೇ ಭಾವನ ಉಪದೇಶ ನಡೆದಿತ್ತು.

"ಬಾಯಿಗೆ ಬಂದದ್ದೆಲ್ಲ ಮಾತಾಡ್ಬೇಡ. ಅಮ್ಮಾವ್ರು ನಿನ್ನಂಥೋರನ್ನ ಸಾವಿರ ಜನ ನೋಡಿದ್ದಾರೆ. ಅವ್ರೇ ಬರ್ಕೋತಾರೆ, ನೀನು ಸಹಿ ಹಾಕು, ಎದ್ದು ಬಾ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

ಬೆಂಚಿನ ಮೇಲೆ ಕೂತಿರುವವನು ಯಾರೆಂದು ಭಾವನಿಗೆ ಗೊತ್ತಿರಲಿಲ್ಲ. ವ್ಯಾನಿನವನಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ನೋಡಿದ್ದ. ಅವನು ತಲೆ ತಗ್ಗಿಸಿಕೊಂಡು ಒಳಗೆ ಬಂದು ಕೂತ. "ಹೇಳಿಕೆ ಕೊಡೋರು ಮಾತ್ರ," ಎಂದು ಹೇಳಿಕೆಯಮ್ಮ ಭಾವನನ್ನು ಹೊರಗೆ ಕಳಿಸಿದಳು. ಬಾಗಿಲಿನ ಚಿಲಕ ಕೆಟ್ಟು ಎರಡು ವರ್ಷವಾಗಿತ್ತು. ಹಾಕಿದರೂ ಅರ್ಧ ತೆರೆದೇ ಇರುತ್ತಿತ್ತು.

"ಹೇಳಿ."

ಅವನು ಎಲ್ಲರ ಹಾಗೇ ನಡುವಿನಿಂದ ಶುರು ಮಾಡಿದ. ಬ್ರೆಡ್ಡು ಬಿಸಿ ಇರುವಾಗಲೇ ಅಂಗಡಿ ಮುಟ್ಟಬೇಕು ಎಂದ, ಹನ್ನೊಂದು ವರ್ಷದಲ್ಲಿ ಒಂದು ನಾಯಿಗೂ ತಾಗಿಸಿಲ್ಲ ಎಂದ, ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡಿದ್ದೆ ಎಂದ. ಅಷ್ಟರಲ್ಲಿ ಹೇಳಿಕೆಯಮ್ಮನ ಬೆರಳುಗಳು ತಮ್ಮ ಪಾಡಿಗೆ ತಾವು "ಎತಿ" ಒತ್ತಿದ್ದವು. ಪ್ಯಾರಾ ಇಳಿಯಿತು. ತಾರೀಕು, ನಂಬರು ತುಂಬಿ ಅವಳು ಗಿಣಿಪಾಠದ ಹಾಗೆ ಓದಿದಳು.

"...ಎಡಗಡೆಯ ಕನ್ನಡಿ ನೋಡಿ, ಎಡಕ್ಕೆ ತಿರುಗಿಸಿದೆನು. ಮೋಟಾರ್ ಸೈಕಲ್ ಸವಾರನು ನನಗೆ ಕಾಣಲಿಲ್ಲ. ಸರಿ ಇದ್ರೆ ಇಲ್ಲಿ ಸಹಿ."

ಅವನು ಪೆನ್ನು ಮುಟ್ಟಲಿಲ್ಲ.

"ನಾನು ಹಾಗೆ ಹೇಳ್ಲಿಲ್ಲ ಅಕ್ಕ."

"ಮತ್ತೆ?"

"ಕಾಣಲಿಲ್ಲ ಅಂತ ಹೇಳ್ಲಿಲ್ಲ. ನಾನು ನೋಡ್ಲಿಲ್ಲ."

"ಎರಡೂ..." ಎಂದು ಶುರು ಮಾಡಿದವಳು ನಿಲ್ಲಿಸಿದಳು. ಎರಡೂ ಒಂದೇ ಎನ್ನುವುದು ಅವಳ ನಾಲಿಗೆಯ ತುದಿಯಲ್ಲಿತ್ತು. ಹೊರಗೆ ಬೆಂಚು ಕಿರ್ ಎಂದಿತು.

"ಬೇಕರಿ ಇರೋದು ಸಣ್ಣ ಸಂದೀಲಿ," ಎಂದ ಅವನು. "ಗೇಟು ವ್ಯಾನಿಗಿಂತ ಇಷ್ಟೇ ಇಷ್ಟು ಅಗಲ. ಎಡಗಡೆ ಕನ್ನಡಿ ಮಡಚಿದ್ರೇನೇ ಗಾಡಿ ಆಚೆ ಬರೋದು. ದೊಡ್ಡ ರಸ್ತೆಗೆ ಬಂದ ಮೇಲೆ ಇಳಿದು, ಆ ಕಡೆ ಸುತ್ತಿ ಹೋಗಿ ಬಿಡಿಸ್ಬೇಕು, ಕೂತಲ್ಲಿಂದ ಕೈ ಎಟುಕಲ್ಲ. ದಿನಾ ಬಿಡಿಸ್ತೀನಿ. ಅವತ್ತು ಮೊದಲ ಅಂಗಡಿ ಹತ್ರ ಇಳೀತೀನಲ್ಲ, ಅಲ್ಲೇ ಬಿಡಿಸೋಣ ಅಂತ ಹಾಗೇ ಬಂದೆ. ಇನ್ನೂರು ಗಜ ಅಷ್ಟೇ ಅಕ್ಕ. ತಿರುವಲ್ಲಿ ಎದುರುಗಡೆ ಅಂಗಡಿ ಶಟರ್ ತೆಗ್ದಿದ್ಯಾ ಅಂತ ಬಲಗಡೆ ನೋಡ್ತಾ ಎಡಕ್ಕೆ ಎಳೆದೆ. ಕನ್ನಡಿ ನೋಡಿ ಅಂತ ಬರ್ದಿದೀರಲ್ಲ, ಕನ್ನಡಿ ಎಲ್ಲಿತ್ತು ನೋಡೋಕೆ?"

"ಮಡಚಿತ್ತು ಅನ್ನೋದಕ್ಕೆ ಏನಿದೆ? ವಾಹನ ತಪಾಸಣೆಯವರು ಎರಡೂ ಕನ್ನಡಿ ಸುಸ್ಥಿತಿಯಲ್ಲಿವೆ ಅಂತ ಬರ್ದಿದ್ದಾರೆ."

"ಸುಸ್ಥಿತಿಯಲ್ಲೇ ಇದೆ. ಮಡಚಿದ್ದಕ್ಕೇ ಒಡೀಲಿಲ್ಲ. ಇನ್ನೂ ಹಾಗೇ ಇದೆ, ಈಗ ಬರುವಾಗ ನೋಡಿದೆ."

ಹೇಳಿಕೆಯಮ್ಮ ಕುರ್ಚಿಯಿಂದ ಅರ್ಧ ಎದ್ದು ಕಿಟಕಿಯಿಂದ ಕೆಳಗೆ ಬಗ್ಗಿದಳು. ವ್ಯಾನು ನಿಂತಿತ್ತು. ಬಲಗಡೆಯ ಕನ್ನಡಿ ಹೊರಗೆ ಚಾಚಿಕೊಂಡಿತ್ತು. ಎಡಗಡೆಯದು ಕದಕ್ಕೆ ಅಂಟಿಕೊಂಡು ಮಡಚಿತ್ತು. ಒಂಬತ್ತು ದಿನ, ದಿನಕ್ಕೆ ನಾಲ್ಕು ಸಲ, ಅದರ ಎಡ ಮಗ್ಗುಲಲ್ಲೇ ಅವಳು ಹಾದುಹೋಗಿದ್ದಳು. ಕನ್ನಡಿ ಹೊರಗೆ ಇದ್ದಿದ್ದರೆ ಆ ಇಕ್ಕಟ್ಟಿನಲ್ಲಿ ಅವಳ ಭುಜಕ್ಕೆ ತಾಗಲೇಬೇಕಿತ್ತು. ತಾಗುತ್ತಿಲ್ಲ ಏಕೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅದು ಅವಳಿಗೆ ಕಂಡಿತ್ತು, ಅವಳು ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಅವಳು ಕೂತು ಪ್ಯಾರಾ ಅಳಿಸಿದಳು. "ಮೊದಲಿಂದ ಹೇಳಿ. ಬೇಕರಿ ಗೇಟಿಂದ," ಎಂದಳು.

ಬರೆಯುವುದು ಅಷ್ಟು ಸುಲಭವಾಗಿರಲಿಲ್ಲ. ಬೆರಳಿಗೆ ಹಳೇ ದಾರಿಯೇ ಗೊತ್ತಿದ್ದದ್ದು. ಎರಡು ಸಲ "ಕಾ" ಎಂದು ಶುರುವಾಗಿ, ಎರಡು ಸಲವೂ ಅಳಿಸಬೇಕಾಯಿತು. ಅರ್ಧ ಬಾಗಿಲಲ್ಲಿ ಭಾವನ ತಲೆ ಕಾಣಿಸಿತು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಲೋ, ತಲೆ ಕೆಟ್ಟಿದ್ಯೇನೋ ನಿಂಗೆ? ಲೈಸೆನ್ಸು ಹೋಗುತ್ತೆ. ಒಳಗೆ ಹಾಕ್ತಾರೆ. ಮಡಚಿದ್ಯಾ ಅಂತ ಯಾರಾದ್ರೂ ಕೇಳಿದ್ರಾ ನಿನ್ನ?"

"ಯಾರೂ ಕೇಳ್ಲಿಲ್ಲ ಭಾವ. ಅದಕ್ಕೇ ಹೇಳ್ತಿದೀನಿ."

"ನಿಮ್ಮಕ್ಕನ ಮುಖ ನೋಡಾದ್ರೂ ಸುಮ್ನೆ ಸಹಿ ಹಾಕೋ."

"ಅಕ್ಕನ ಮುಖ ನೋಡೋಕೆ ಆಗ್ತಿಲ್ಲ, ಅದೇ ಕಷ್ಟ," ಎಂದ ಅವನು.

ಭಾವ ನೆಟ್ಟಗೆ ವಿಚಾರಣಾಧಿಕಾರಿಗಳ ಕೋಣೆಗೆ ಹೋದ. ಐದು ನಿಮಿಷಕ್ಕೆ ಸಾಹೇಬರಿಂದ ಹೇಳಿಕೆಯಮ್ಮನಿಗೆ ಕರೆ ಬಂತು.

ಸಾಹೇಬರು ಕೆಟ್ಟವರಲ್ಲ. ನಾಲ್ಕು ತಿಂಗಳಿಗೆ ನಿವೃತ್ತಿ, ಅದರೊಳಗೆ ಹನ್ನೊಂದು ಕಡತ ಮುಗಿಯಬೇಕು. ಅವರ ಲೋಕದಲ್ಲಿ ಒಳ್ಳೆಯ ಹೇಳಿಕೆ ಎಂದರೆ ಮರುಪ್ರಶ್ನೆ ಹುಟ್ಟಿಸದ ಹೇಳಿಕೆ.

"ಏನಮ್ಮ ಇದು, ಕಾಣಲಿಲ್ಲ, ನೋಡಲಿಲ್ಲ ಅಂತ? ವ್ಯಾಕರಣದ ಪರೀಕ್ಷೆ ನಡೆಸ್ತಿದೀರಾ? ನೋಡ್ಲಿಲ್ಲ, ಅದಕ್ಕೆ ಕಾಣಲಿಲ್ಲ. ಎರಡೂ ಒಂದೇ. ಎಂದಿನ ಹಾಗೆ ಬರೆದು ಮುಗ್ಸಿ."

"ಒಂದೇ ಆದ್ರೆ ಅವರು ಹೇಳಿದ ಹಾಗೇ ಇರ್ಲಿ ಅಲ್ವಾ ಸಾಹೇಬ್ರೆ?"

"ಮಡಚಿದ ಕನ್ನಡಿ ಅಂತ ಬರೆದ್ರೆ ತಪಾಸಣೆಯವರನ್ನ ಮತ್ತೆ ಕರೀಬೇಕು, ಮತ್ತೆ ವರದಿ, ಮತ್ತೆ ಪತ್ರ. ಇರೋ ಬಿಸಿಲಿಗೆ ಬೆಂಕಿ ಬೇರೆ ಕಾಯಿಸ್ಕೋಬೇಕಾ ನಾವು?"

ಹೇಳಿಕೆಯಮ್ಮ ಸಾಹೇಬರ ಜೊತೆ ವಾದ ಮಾಡಿದವಳಲ್ಲ. ಆದರೆ ಇಪ್ಪತ್ತಾರು ವರ್ಷ ಕಚೇರಿಯಲ್ಲಿ ಇದ್ದವಳಿಗೆ ಯಾವ ಬಾಗಿಲಿಗೆ ಯಾವ ಬೀಗದ ಕೈ ಎಂದು ಗೊತ್ತಿರುತ್ತದೆ. ಅವಳು ಕಡತದಿಂದ ಒಂದು ಹಾಳೆ ಎಳೆದು ಮೇಜಿನ ಮೇಲೆ ಇಟ್ಟಳು. ಸತ್ತವನ ಮೈಮೇಲೆ ಇದ್ದ ವಸ್ತುಗಳ ಪಟ್ಟಿ. ಹೆಲ್ಮೆಟ್ಟು ಒಂದು, ಕೈಗಡಿಯಾರ ಒಂದು, ಸ್ಪ್ಯಾನರು ಎರಡು, ಹಳದಿ ಜಾಕೀಟು ಒಂದು.

"ಇಲಾಖೆಯ ಜಾಕೀಟೇ ಸಾಹೇಬ್ರೆ. ಬೆನ್ನ ಮೇಲೆ ನಮ್ಮ ಮುದ್ರೆ ಇದೆ. ಇದು ಹಾಕ್ಕೊಂಡ್ರೆ ಎಲ್ರಿಗೂ ಕಾಣುತ್ತೆ ಅಂತ ನೀವೇ ಟಿಪ್ಪಣಿ ಬರೆದು ಎರಡು ಸಾವಿರ ತರಿಸಿದ್ದು. ಅದನ್ನ ಹಾಕ್ಕೊಂಡೋನೂ ಕಾಣಲಿಲ್ಲ ಅಂತ ಕಡತಕ್ಕೆ ಹೋದ್ರೆ, ಜಾಕೀಟಿನ ಬಗ್ಗೆ ಯಾರಾದ್ರೂ ಕೇಳಲ್ವಾ? ನೋಡಲಿಲ್ಲ ಅಂತಾದ್ರೆ ಜಾಕೀಟು ಬಚಾವು."

ಸಾಹೇಬರು ಪಟ್ಟಿಯನ್ನು ನೋಡಿದರು. ಅವಳನ್ನು ನೋಡಿದರು. ಗೋಡೆಯ ಪೋಸ್ಟರಿನ ಕಡೆ ಮಾತ್ರ ನೋಡಲಿಲ್ಲ.

"ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು ಅನ್ನೋದು ನಿಯಮ," ಎಂದರು ಗಂಟಲು ಸರಿಮಾಡಿಕೊಂಡು. "ನಿಯಮ ಬಿಟ್ಟು ನಾನೇನೂ ಹೇಳ್ತಿಲ್ಲ."

"ಇಲ್ಲ ಸಾಹೇಬ್ರೆ," ಎಂದು ಅವಳು ಹೊರಟಳು.

ಬರೆದು ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಉದ್ದದ ಹೇಳಿಕೆಯನ್ನು ಅವಳು ಬರೆದು ಎಷ್ಟೋ ವರ್ಷವಾಗಿತ್ತು. ಓದಿ ಹೇಳುವಾಗ ಅವಳ ದನಿ ಎಂದಿಗಿಂತ ಸ್ವಲ್ಪ ಎತ್ತರದಲ್ಲಿತ್ತು. ಬಾಗಿಲಿನ ಚಿಲಕ ಕೆಟ್ಟಿದ್ದು ಅವಳಿಗೆ ಗೊತ್ತೇ ಇತ್ತು.

"ಗೇಟು ದಾಟಲು ಎಡಗಡೆಯ ಕನ್ನಡಿಯನ್ನು ನಾನೇ ಮಡಚಿದೆ. ದೊಡ್ಡ ರಸ್ತೆಗೆ ಬಂದ ಮೇಲೆ ಬಿಡಿಸಲಿಲ್ಲ. ತಿರುವಿನಲ್ಲಿ ಎದುರಿನ ಅಂಗಡಿಯ ಕಡೆ ನೋಡುತ್ತಿದ್ದೆ. ಎಡಗಡೆಗೆ ನಾನು ನೋಡಲಿಲ್ಲ."

ವ್ಯಾನಿನವನು ಸಹಿ ಹಾಕಿದ. ಎದ್ದು ಹೊರಗೆ ಹೋದ. ಹೇಳಿಕೆಯಮ್ಮನೂ ಏನೋ ಕೆಲಸ ಇರುವವಳ ಹಾಗೆ ಬಾಗಿಲ ತನಕ ಹೋದಳು.

ಮೆಕ್ಯಾನಿಕ್ಕು ಎದ್ದು ನಿಂತಿದ್ದ. ಭಾವನಿಗೆ ಆಗ ಗೊತ್ತಾಯಿತು ಅವನು ಯಾರೆಂದು. ಭಾವ ಮೆಲ್ಲಗೆ ಮೆಟ್ಟಿಲ ಕಡೆ ಸರಿದ.

ಹೊಡೆದಾಟ ಆಗಬಹುದು ಎಂದು ಹೇಳಿಕೆಯಮ್ಮ ಹೆದರಿದ್ದಳು. ಆಗಲಿಲ್ಲ. ಮೆಕ್ಯಾನಿಕ್ಕು ಒಂದೇ ಒಂದು ಮಾತು ಕೇಳಿದ.

"ಅವನ ಲೈಟು?"

"ಗೊತ್ತಿಲ್ಲ ಯಜಮಾನ್ರೇ," ಎಂದ ವ್ಯಾನಿನವನು. "ನಿಮ್ಮ ಮಗ ಸೂರ್ಯನ್ನೇ ತಲೆ ಮೇಲೆ ಹೊತ್ಕೊಂಡು ಬಂದಿದ್ರೂ ನನಗೆ ಗೊತ್ತಾಗ್ತಿರ್ಲಿಲ್ಲ. ನಾನು ಆ ಕಡೆ ತಿರುಗೇ ಇಲ್ಲ."

ಅವನು ಕ್ಷಮಿಸಿ ಎನ್ನಲಿಲ್ಲ. ಆ ಮಾತಿಗೆ ಅಲ್ಲಿ ಜಾಗ ಇಲ್ಲ ಎಂದು ಅವನಿಗೂ ಗೊತ್ತಿತ್ತು. ಭಾವನನ್ನು ದಾಟಿಕೊಂಡು ಮೆಟ್ಟಿಲಿಳಿದು ಹೋದ. ಭಾವ ಹಿಂದೆಯೇ ಗೊಣಗುತ್ತಾ ಇಳಿದ.

ಮೆಕ್ಯಾನಿಕ್ಕು ಬೆಂಚಿನ ಮೇಲೆ ಕೂತು ಅತ್ತ. ಒಂಬತ್ತು ದಿನದಲ್ಲಿ ಅದು ಮೊದಲ ಸಲವೋ ಏನೋ, ಅಳುವುದು ಅಭ್ಯಾಸ ಇಲ್ಲದವನ ಹಾಗೆ ಕೆಟ್ಟದಾಗಿ ಅತ್ತ. ಹೇಳಿಕೆಯಮ್ಮ ನೀರು ತಂದುಕೊಟ್ಟಳು. ಅವಳಿಗೂ ಎದೆ ಹಗುರಾಯಿತು. ಒಂದು ಒಳ್ಳೆ ಕೆಲಸ ಆಯಿತು, ಈ ಮನುಷ್ಯ ಇನ್ನು ಮನೆಗೆ ಹೋಗಿ ಹೆಂಡತಿಯ ಎದುರು ಕೂರಬಹುದು ಎಂದುಕೊಂಡಳು.

"ಊಟ ಮಾಡಿ ಮನೆಗೆ ಹೋಗಿ," ಎಂದಳು. "ಆ ಬಲ್ಬು ಬಿಸಾಕಿ. ನಿಮ್ಮದೇನೂ ಇಲ್ಲ ಇದ್ರಲ್ಲಿ. ಅವರೇ ಹೇಳಿದ್ರಲ್ಲ."

ಅವನು ಲೋಟ ಕೆಳಗಿಟ್ಟ. ತೋಳಿನಿಂದ ಮುಖ ಒರೆಸಿಕೊಂಡ.

"ನಂದೂ ಒಂದು ಬರ್ಕೊಳ್ಳಿ ಅಮ್ಮ."

"ಏನನ್ನ?"

"ಲೈಟಿಂದು."

ಅವಳು ಅವನನ್ನು ಒಳಗೆ ಕರೆದು ಕೂರಿಸಿದಳು. ಬುದ್ಧಿ ಹೇಳಲು ನೋಡಿದಳು. "ನೋಡಿ, ಇದನ್ನ ನಿಮ್ಮನ್ನ ಯಾರೂ ಕೇಳಿಲ್ಲ. ಬರೆದುಕೊಟ್ರೆ ಆ ಕಡೆ ವಕೀಲರು ಇದನ್ನೇ ಹಿಡ್ಕೊಂಡು ಜಗ್ತಾರೆ. ಸವಾರಂದೂ ತಪ್ಪಿತ್ತು ಅಂತಾರೆ. ನಾಳೆ ನಿಮಗೇ ಕಷ್ಟ."

"ಅವನನ್ನೂ ಯಾರೂ ಕೇಳಿರ್ಲಿಲ್ಲವಂತೆ," ಎಂದ ಮೆಕ್ಯಾನಿಕ್ಕು. "ನಾನು ಇಲ್ಲೇ ಕೂತಿದ್ನಲ್ಲ, ಎಲ್ಲ ಕೇಳಿಸ್ತು. ಅವನ ಪಾಲಿಂದು ಅವನು ಹೇಳಿ ಹೋದ. ನನ್ನ ಪಾಲಿಂದು ಜೇಬಲ್ಲಿಟ್ಕೊಂಡು ನಾನು ಹ್ಯಾಗೆ ಹೋಗ್ಲಿ?"

ಅವಳು ಹೊಸ ಹಾಳೆ ತೆರೆದಳು. ಇದಕ್ಕೆ ಎರಡಕ್ಷರದ ಯಾವ ದಾರಿಯೂ ಇರಲಿಲ್ಲ. ಒಂದೊಂದೇ ಮಾತು ಕೇಳಿ ಒಂದೊಂದೇ ಮಾತು ಬರೆದಳು. ಅಂಗಡಿಯ ವಿಳಾಸ, ಗಾಡಿಯ ನಂಬರು, ಹಿಂದಿನ ಸಂಜೆ ಮಗ ಬಂದ ಹೊತ್ತು, ಅವನು ಹೇಳಿದ್ದು, ತಾನು ಹೇಳಿದ್ದು. ನಾಲ್ಕೈದು ಸಾಲಿನಲ್ಲಿ ಮುಗಿಯಿತು. ಕೆಳಗೆ ಅಂಗಳದಲ್ಲಿ ಯಾರೋ ಮೋಟಾರ್ ಸೈಕಲ್ ಶುರು ಮಾಡಿದರು. ಆ ಸದ್ದು ಗೇಟು ದಾಟುವ ತನಕ ಇಬ್ಬರೂ ಕಿಟಕಿಯ ಕಡೆ ಕಿವಿಗೊಟ್ಟಿದ್ದರು.

ಅವಳು ಓದಿ ಹೇಳಿದಳು. ಕೊನೆಯ ಸಾಲಿಗೆ ಬಂದಳು.

"ಅಪಘಾತದ ಸಮಯದಲ್ಲಿ ನನ್ನ ಮಗನ ಗಾಡಿಯ ಮುಂದಿನ ದೀಪ ಉರಿಯುತ್ತಿರಲಿಲ್ಲ. ಸರಿ ಇದ್ರೆ ಇಲ್ಲಿ ಸಹಿ."

ಮೆಕ್ಯಾನಿಕ್ಕು ಪೆನ್ನು ತೆಗೆದುಕೊಂಡವನು ಕೈ ತಡೆದ.

"ಹಾಗಲ್ಲಮ್ಮ," ಎಂದ. "ಉರೀತಿರ್ಲಿಲ್ಲ ಅಂದ್ರೆ ಅದೇನೋ ತಾನಾಗೇ ಆದ ಹಾಗಾಯ್ತು. ನಾನು ಹಾಕಲಿಲ್ಲ ಅಂತ ಬರೀರಿ."

ಅವಳು ಆ ಸಾಲನ್ನು ಅಳಿಸಿದಳು. ದೀಪ ಹೋಗಿದೆ ಎಂದು ಮಗ ಹೇಳಿದ, ನಾನು ಹಾಕಲಿಲ್ಲ, ಎಂದು ಬರೆದಳು. ಮತ್ತೊಮ್ಮೆ ಮೊದಲಿನಿಂದ ಓದಿ ಹೇಳಿದಳು. ಅವನು ಕನ್ನಡಕ ಹಾಕಿಕೊಂಡು, ತಾನೂ ಒಂದು ಸಲ ಓದಿಕೊಂಡು, ಸಹಿ ಮಾಡಿದ.